ಭಜನೆ ಕೇಳುವ ಕಡೆ ನಡೆದು ಬನ್ನಿ

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಊರಿನವರ ಪಹಣಿ, ಆಧಾರ್, ಮದುವೆ ಕರೆಯೋಲೆ ಎಲ್ಲ ನನ್ನ ಕೈಮೇಲೆಯೇ ಹಾದುಹೋಗುತ್ತವೆ. ನಾನು ಯಾವುದನ್ನೂ ಓದುವುದಿಲ್ಲ. ಯಾರೋ ಜೆರಾಕ್ಸಿಗೆ ತಂದಿದ್ದ ಆ ಪ್ರಕಟಣೆಯನ್ನು ಮಾತ್ರ ಯಾಕೆ ಓದಿದೆನೋ. ಪರಿಸರಕ್ಕೆ ಧಕ್ಕೆ ತರದ, ಹೊಸ ಬಗೆಯ ಪ್ರವಾಸೋದ್ಯಮದ ಸ್ಟಾರ್ಟಪ್‌ಗಳಿಗೊಂದು ಸ್ಪರ್ಧೆ. 'ಸುಸ್ಥಿರ' ಎಂಬ ಪದ ಒಂದೇ ಹಾಳೆಯಲ್ಲಿ ಅಷ್ಟು ಸಲ ಬಂದದ್ದನ್ನು ಕಂಡು ನಗು ಬಂತು. ಆಮೇಲೆ ಅಕ್ಕನ ನೆನಪಾಗಿ ನಗು ನಿಂತಿತು.

ಅಕ್ಕ ಎಂದರೆ ದೊಡ್ಡಮ್ಮನ ಮಗಳು. ಗಂಡನ ಮನೆ ಬಿಟ್ಟು ಬಂದ ಮೇಲೆ ಶಿವನಿಯಲ್ಲಿ ದೊಡ್ಡಮ್ಮನ ಜೊತೆಗೇ ಇದ್ದಳು. ದಿನವೂ ನಸುಕಿನಲ್ಲೇ ಎದ್ದು ಕಡೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. "ಬರೀ ಕಾಲರ್ ಹೊಲ್ದು ಹೊಲ್ದು ಪೂರ್ತಿ ಅಂಗಿ ಹೆಂಗಿರ್ತೈತೆ ಅನ್ನೋದೇ ಮರ್ತೋಗೈತೆ ಕಣೇ," ಎನ್ನುತ್ತಿದ್ದಳು. ಅಲ್ಲಿಂದ ಬಿಡಿಸಿಕೊಂಡು ತನ್ನದು ಎನ್ನುವ ಒಂದು ಕೆಲಸ ಮಾಡಬೇಕು ಎಂಬುದು ಅವಳ ಆಸೆ. ಅದೊಂದೇ ಆಸೆ.

ನಾವಿಬ್ಬರೂ ಕೂತು ಯೋಜನೆ ಹಾಕಿದೆವು. ಬರುವವರು ಕಾರು ತರಬಾರದು. ರೈಲಿನಲ್ಲಿ ಬಂದು ಶಿವನಿಯಲ್ಲಿ ಇಳಿದು ಊರೊಳಕ್ಕೆ ನಡೆದೇ ಬರಬೇಕು. ದೊಡ್ಡಮ್ಮನ ಮನೆಯಲ್ಲಿ ಊಟ, ಹೊಲದಲ್ಲಿ ಓಡಾಟ, ಮಾರನೆಯ ದಿನ ಬಸ್ಸಿನಲ್ಲಿ ಅಮೃತಾಪುರದ ದೇವಸ್ಥಾನ. ದಾರಿ ತೋರಿಸಲು ಬೋರ್ಡು ಬೇಡ, ನಮ್ಮ ಬೀದಿಯ ಭಜನೆಯವರು ಮನೆ ಮುಂದೆ ಕೂತು ಹಾಡಲಿ ಎಂದಳು ಅಕ್ಕ. ಅದನ್ನೇ ನಾನು ಬರೆದು ಕಳಿಸಿದೆ: ಸ್ಟೇಷನ್ನಿನಿಂದ ಹೊರಬಿದ್ದು ಭಜನೆ ಕೇಳುವ ಕಡೆ ನಡೆದು ಬನ್ನಿ. ಗೆದ್ದರೆ ಹಿತ್ತಲಲ್ಲಿ ಅತಿಥಿಗಳಿಗೊಂದು ಬಚ್ಚಲುಮನೆ ಕಟ್ಟಿಸುವಷ್ಟು ನೆರವು ಸಿಗುತ್ತಿತ್ತು. ಅಕ್ಕ ಗಾರ್ಮೆಂಟ್ಸ್ ಬಿಡಬಹುದಿತ್ತು.

ದೊಡ್ಡಮ್ಮನಿಗೆ ಇದೆಲ್ಲ ತಮಾಷೆ. "ನಮ್ಮನೇಲಿ ನೋಡಕ್ಕೇನೈತೆ? ನನ್ ಮುಖ ನೋಡಕ್ಕೆ ರೈಲ್ ಹತ್ಕಂಡ್ ಬತ್ತಾರಾ?" ಎಂದು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಆದರೂ ಮಗಳ ಮುಖ ನೋಡಿ ಒಪ್ಪಿಕೊಂಡಳು. ಮೊದಲ ಸುತ್ತಿನಲ್ಲಿ ನಾವು ಆಯ್ಕೆಯಾಗಿ, ತೀರ್ಪುಗಾರರು ಅತಿಥಿಗಳಾಗಿ ಬಂದು ನೋಡುತ್ತಾರೆ ಎಂದು ಗೊತ್ತಾದಾಗ ಹೆಚ್ಚು ಓಡಾಡಿದವಳು ದೊಡ್ಡಮ್ಮನೇ. ಗೋಡೆಗೆ ಸುಣ್ಣ ಹೊಡೆಸಿದಳು. ಹಿಂದಿನ ದಿನ ಸಂಜೆ ಅವರೆಕಾಳು ನೆನೆಹಾಕಿದಳು.

ಬೆಳಗಿನ ಜಾವ ಹೋಗಿಬಿಟ್ಟಳು. ಎದೆ ಹಿಡಿದುಕೊಂಡು ಎದ್ದು ಕೂತವಳು ಮತ್ತೆ ಮಾತಾಡಲಿಲ್ಲವಂತೆ.

ಅಕ್ಕನ ಫೋನ್ ಬಂದಾಗ ನನಗೆ ಸ್ಪರ್ಧೆಯೂ ನೆನಪಿರಲಿಲ್ಲ, ಮತ್ತೊಂದೂ ನೆನಪಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ತೀರ್ಪುಗಾರರ ನೆನಪಾಯಿತು. ಎಷ್ಟು ಸಲ ಮಾಡಿದರೂ ರೈಲಿನಲ್ಲಿದ್ದ ಅವರ ಫೋನ್ ಸಿಗಲಿಲ್ಲ. ರೈಲಿನಲ್ಲೇ ಬನ್ನಿ ಎಂದು ಹಟ ಹಿಡಿದವರು ನಾವೇ ತಾನೆ. ಊರು ತಲುಪಿದ ಮೇಲೆ ಸ್ಟೇಷನ್ನಿಗೆ ಯಾರನ್ನಾದರೂ ಓಡಿಸೋಣವೆಂದರೆ ಗಂಡಸರೆಲ್ಲ ಗುಣಿ ತೋಡಲು ಹೋಗಿದ್ದರು. ನಾನೇ ಹೋಗೋಣವೆಂದರೆ ನಡುಮನೆಯಲ್ಲಿ ಅಕ್ಕ ನನ್ನ ಕೈ ಬಿಡುತ್ತಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಹೊಸದಾಗಿ ಸುಣ್ಣ ಕಂಡ ಜಗಲಿಯ ಗೋಡೆಗೆ ಆನಿಸಿ ದೊಡ್ಡಮ್ಮನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ, ಮೈಮೇಲೆ ರೇಷ್ಮೆ ಸೀರೆ. ಗದ್ದಕ್ಕೆ ಕಟ್ಟಿದ ಬಟ್ಟೆ ಸೆರಗಿನ ಮರೆಯಲ್ಲಿತ್ತು. ಅತಿಥಿಗಳಿಗೆ ಹಾಡಬೇಕಿದ್ದ ಭಜನೆಯವರೇ ಅವಳ ಮುಂದೆ ಕೂತು ತಾಳ ಹಾಕುತ್ತಿದ್ದರು.

ಆ ಭಜನೆ ಕೇಳುತ್ತ ಕೇಳುತ್ತ ತೀರ್ಪುಗಾರರಿಬ್ಬರೂ ಸರಿಯಾಗಿ ಮನೆಗೇ ಬಂದರು.

ನಾನು ನಡುಮನೆಯಿಂದ ಹೊರಗೆ ಬರುವಷ್ಟರಲ್ಲಿ ತೀರ್ಪುಗಾರರಲ್ಲಿ ಗಂಡಸು, ಕನ್ನಡಕದವರು, ನಗುನಗುತ್ತ ಮೊಬೈಲಿನಲ್ಲಿ ಫೋಟೋ ತೆಗೆದಾಗಿತ್ತು. ಮನೆಯ ಹಿರಿಯಳನ್ನು ಸಿಂಗರಿಸಿ ತಮ್ಮ ಸ್ವಾಗತಕ್ಕೆ ಕೂರಿಸಿದ್ದಾರೆ ಎಂದುಕೊಂಡಿದ್ದರು. ಜನ ಇವರನ್ನು ಬೆಂಗಳೂರಿನ ನೆಂಟರೆಂದು ತಿಳಿದು ದಾರಿ ಬಿಟ್ಟರು. ಜೊತೆಗಿದ್ದ ಹೆಂಗಸಿನ ಕೈಗೆ ಯಾರೋ ಹೂ ಕೊಟ್ಟರು. ಆಕೆ ಹೂ ಇಟ್ಟು, ಬಗ್ಗಿ ದೊಡ್ಡಮ್ಮನ ಪಾದ ಮುಟ್ಟಿದರು. ಮುಟ್ಟಿದ ಕೈ ಅಲ್ಲೇ ನಿಂತಿತು. ತಲೆಯೆತ್ತಿ ಸುತ್ತ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಬೆಳಗಿನ ಜಾವ ಹೋಗ್ಬಿಟ್ರು ಮೇಡಂ," ಎಂದೆ. "ನಿಮಗೆ ಫೋನ್ ಮಾಡ್ತಾನೇ ಇದ್ದೆ."

ಕನ್ನಡಕದವರ ಮುಖದಲ್ಲಿ ರಕ್ತವಿರಲಿಲ್ಲ. ಪಾಪ ಅನ್ನಿಸಬೇಕಿತ್ತು, ನನಗೆ ಸಿಟ್ಟೇ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಹೆಣ ಎತ್ತುವ ತನಕ ನಮ್ಮ ಬೀದಿಯಲ್ಲಿ ಒಲೆ ಹಚ್ಚುವುದಿಲ್ಲ. ನೆನೆದ ಅವರೆಕಾಳು ಅಡುಗೆಮನೆಯ ಪಾತ್ರೆಯಲ್ಲಿ ಉಬ್ಬಿಕೊಂಡು ಹಾಗೇ ಕೂತಿತ್ತು. ಅವರಿಬ್ಬರೂ ಮಣ್ಣಿಗೂ ಬಂದು, ಬರಿಹೊಟ್ಟೆಯಲ್ಲೇ ಸಂಜೆಯ ರೈಲು ಹತ್ತಿದರು.

ಕಾರ್ಯ ಎಲ್ಲ ಮುಗಿದ ಮೇಲೆ ಮೊದಲ ಸುತ್ತು ಗೆದ್ದಾಗ ಸ್ಪರ್ಧೆಯ ಕಡೆಯಿಂದ ನಮಗೆ ತರಬೇತಿ ಕೊಟ್ಟಿದ್ದವರ ಫೋನ್ ಬಂತು. ಅಂತಿಮ ಸುತ್ತಿಗೆ ನಾವು ಆಯ್ಕೆಯಾಗಿದ್ದೆವು. ತೀರ್ಪುಗಾರರ ಮನಸ್ಸು ತುಂಬಾ ಕಲಕಿದೆ, ಇಂಥ ಅನುಭವ ಬೇರೆ ಯಾರ ಯೋಜನೆಯಲ್ಲೂ ಸಿಗಲಿಲ್ಲವಂತೆ ಎಂದರು. ಆಮೇಲೆ, "ಆ ಫೋಟೋ ಕಳಿಸಿದ್ದೀನಿ. ವೇದಿಕೆ ಮೇಲೆ ಅದರಿಂದಲೇ ಶುರು ಮಾಡಿ. ನಿಮ್ಮ ಶಕ್ತಿ ಇರೋದೇ ಅದರಲ್ಲಿ," ಎಂದರು.

ನನಗೆ ಮೈ ಉರಿಯಿತು. ಬೇಡವೆಂದು ಹೇಳಿಬಿಡುವುದೆಂದೇ ಶಿವನಿಗೆ ಹೋದೆ. ಅಕ್ಕ ಫೋನ್ ಇಸಿದುಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಅವ್ವ ಎಷ್ಟ್ ಚೆಂದ ಕಾಣ್ತಾಳಲ್ಲೇ," ಎಂದಳು. "ತೋರ್ಸಾಣ."

"ನಿಂಗೇನ್ ತಲೆ ಕೆಟ್ಟೈತಾ? ದೊಡ್ಡಮ್ಮನ್ನ ಅಲ್ಲಿ ನಿಲ್ಸಿ ಬಹುಮಾನ ಕೇಳಾದಾ?"

"ಅವ್ಳು ಒಪ್ಕಂಡಿದ್ದೇ ನಂಗೋಸ್ಕರ ಕಣೇ. ಗೆದ್ರೆ ಅವ್ಳೇ ಗೆಲ್ಸಿದಂಗಾಯ್ತದೆ. ನಂಗೆ ಆ ಬಸ್ ಹತ್ತಿ ಹತ್ತಿ ಸಾಕಾಗೈತೆ. ಇನ್ನ ಆಗಲ್ಲ."

ಅವಳ ಅವ್ವ, ಅವಳ ಮಾತು. ಭಾಷಣ ಬರೆದುಕೊಟ್ಟೆ. ಗಾರ್ಮೆಂಟ್ಸ್ ಬಸ್ಸಿನಲ್ಲಿ ಹೋಗುತ್ತ ಬರುತ್ತ ಬಾಯಿಪಾಠ ಮಾಡಿದಳು. ವಾರದೊಳಗೆ ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು.

ಅಂತಿಮ ಸುತ್ತು ಚಿಕ್ಕಮಗಳೂರಿನ ಒಂದು ಸಭಾಂಗಣದಲ್ಲಿ ನಡೆಯಿತು. ತೀರ್ಪುಗಾರರು ಮುಂದಿನ ಸಾಲಿನಲ್ಲಿದ್ದರು, ಆ ಇಬ್ಬರೂ ಇದ್ದರು. ನಮ್ಮ ಸರದಿ ಬಂದಾಗ ಅಕ್ಕ ಮೈಕ್ ಹಿಡಿದು ನಡುವೇದಿಕೆಯಲ್ಲಿ ನಿಂತಳು. ನಾನು ಪಕ್ಕದಲ್ಲಿದ್ದೆ. ಎಲ್ಲರಿಗೂ ನಮಸ್ಕಾರ ಎಂದಳು, ದನಿ ಗಟ್ಟಿಯಾಗಿಯೇ ಇತ್ತು. ಹಿಂದಿನ ಪರದೆಯ ಮೇಲೆ ಫೋಟೋ ಬಂತು. ಬೆಳಕು ಬದಲಾದದ್ದು ಕಂಡು ಅಕ್ಕ ಒಮ್ಮೆ ಹಿಂತಿರುಗಿ ನೋಡಿದಳು.

ಗೋಡೆಯಷ್ಟು ದೊಡ್ಡವಳಾಗಿ ದೊಡ್ಡಮ್ಮ ಕೂತಿದ್ದಳು.

ಅಕ್ಕ ಪೂರ್ತಿ ಆ ಕಡೆಗೇ ತಿರುಗಿದಳು. ಸೆರಗನ್ನು ತಲೆಮೇಲೆ ಎಳೆದುಕೊಂಡಳು. ಸಭೆ ಕಾಯಿತು. ನಾನು ಮೆಲ್ಲಗೆ ತೋಳು ಮುಟ್ಟಿದೆ, ಅವಳು ಅಲುಗಲಿಲ್ಲ. ಕಾರ್ಯಕ್ರಮ ನಡೆಸುತ್ತಿದ್ದವರು ಮರ್ಯಾದೆಯಿಂದಲೇ, "ಮೇಡಂ, ಈ ಕಡೆ ತಿರುಗಿ ಮಾತಾಡಿ, ಸಮಯ ಆಗ್ತಿದೆ," ಎಂದರು.

"ಅವ್ವಂಗೆ ಬೆನ್ನು ಹಾಕಿ ಹೆಂಗ್ ಮಾತಾಡ್ಲಿ ಸಾರ್?" ಎಂದಳು ಅಕ್ಕ. ಮೈಕಿನಲ್ಲಿ ಅದು ಇಡೀ ಸಭಾಂಗಣಕ್ಕೆ ಕೇಳಿಸಿತು.

ಆಮೇಲೆ ಪರದೆಗೆ ಕೈಮುಗಿದು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು: "ಅವತ್ತು ಬಂದೋರ್ನ ಬರಿಹೊಟ್ಟೇಲಿ ಕಳ್ಸಿದ್ವಿ ಕಣವ್ವ. ನೀನ್ ನೆನೆಹಾಕಿದ್ ಕಾಳು ಹಂಗೇ ಉಳೀತು."

ಮುಂದಿನ ಸಾಲಿನಲ್ಲಿ ಕನ್ನಡಕದವರು ತಲೆ ಬಗ್ಗಿಸಿದ್ದರು. ಸಮಯ ಮುಗಿದ ಗಂಟೆ ಬಾರಿಸಿದರು. ಪರದೆಯ ಮೇಲೆ ಮುಂದಿನ ತಂಡದವರ ಚಿತ್ರ ಬಂದ ಮೇಲೆಯೇ ಅಕ್ಕ ಈ ಕಡೆ ತಿರುಗಿದ್ದು. ಮಾರನೆಯ ದಿನ ನಸುಕಿನಲ್ಲೆದ್ದು ಗಾರ್ಮೆಂಟ್ಸ್ ಬಸ್ ಹತ್ತಿದಳು.