ಎರಡು ಪೆಟ್ಟಿಗೆಗಳಲ್ಲಿ ಗಂಗತ್ತೆಯ ದನಿ

ಕಳೆದ ಭಾನುವಾರ ಗಾಂಧಿ ಚೌಕದ ಒಂದು ಅಂಗಡಿಯಲ್ಲಿ ಕೂತು ನಮ್ಮ ಗಂಗತ್ತೆ ತನ್ನ ಹಾಡನ್ನು ತಾನೇ ಕೇಳಿದಳು. ಕೇಳಿ, "ಚೊಲೊ ಹಾಡ್ಯಾಳ. ಯಾರಪಾ ಈಕಿ?" ಎಂದಳು.

ತಮಾಷೆ ಅಲ್ಲ. ನಡೆದದ್ದನ್ನೇ ಹೇಳುತ್ತಿದ್ದೇನೆ.

ಕೆಲವು ತಿಂಗಳಿನಿಂದ ನನಗೆ ರೆಕಾರ್ಡ್ ಪ್ಲೇಯರ್ ಕೊಳ್ಳುವ ಹುಚ್ಚು. (ಹುಚ್ಚು ಹಳೆಯದು, ಪ್ಲೇಯರಿನದು ಮಾತ್ರ ಹೊಸದು ಅನ್ನುತ್ತಾಳೆ ಹೆಂಡತಿ.) ಇದರಿಂದ ನಮ್ಮ ಆಫೀಸಿನಲ್ಲಿ ಎರಡು ಪಕ್ಷಗಳೇ ಆಗಿವೆ. ಒಂದು ಪಕ್ಷಕ್ಕೆ ಚಾವಿ ಕೊಡುವ ಹಳೆಯ ಗ್ರಾಮೋಫೋನೇ ಸೈ. ಗಟ್ಟಿ ಮರ, ಹಿತ್ತಾಳೆಯ ಕೀಲು, ಕರೆಂಟಿನ ಹಂಗಿಲ್ಲ. ಇನ್ನೊಂದು ಪಕ್ಷಕ್ಕೆ ಸೂಟ್‌ಕೇಸಿನಂಥ ಕರೆಂಟಿನ ಪ್ಲೇಯರೇ ಬೇಕು. ಹಗುರ, ಮೂರು ಸ್ಪೀಡು, ಮಾತುಮಾತಿಗೆ ಸೂಜಿ ಬದಲಿಸುವ ಕಾಟವಿಲ್ಲ. ಕರೆಂಟು ಹೋದರೆ? ಹೋದರೆ ಮುಚ್ಚಳ ಹಾಕಿ ಅದರ ಮೇಲೆ ತಂಬಿಗೆ ಇಡಬಹುದು, ಅಷ್ಟೇ.

ನಾನು ಎರಡೂ ಪಕ್ಷದಲ್ಲಿದ್ದೆ. ಅಷ್ಟರಲ್ಲಿ ಕಳ್ಳಕವಟಗಿಯಿಂದ ಗಂಗತ್ತೆ ಬಸ್ಸಿಳಿದು ಬಂದಳು. ಈಕೆ ನಮ್ಮಪ್ಪನ ತಂಗಿ. ತೊಡೆಯ ಮೇಲಿಟ್ಟುಕೊಂಡು, ದಾರಿಯ ತಿಕೋಟಾ ಊರು ದಾಟಿಸಿ ತಂದಿದ್ದ ಒಂದು ಗಂಟು. ಬಿಚ್ಚಿದರೆ ಅವರ ಮನೆಯ ಗ್ರಾಮೋಫೋನು.

"ಇದನ್ನ ಅಂಗಡ್ಯಾಗ ಕೊಟ್ಟು ನಿಂದು ಹೊಸಾದು ತೊಗೋ ಯಪ್ಪಾ. ನಮ್ಮ ಮನ್ಯಾಗ ಟ್ರಾನ್ಸಿಸ್ಟರ್ ಬಂದೈತಿ. ನಿಮ್ಮ ಮಾಮಾಗ ರಿಪೇರಿಗೆ ಅಂತ ಹೇಳಿ ತಂದೇನಿ. ಇದು ನನ್ನ ಕಣ್ಣ ಮುಂದ ಇರೂದು ಬ್ಯಾಡ."

ಆ ಕೊನೆಯ ಮಾತಿಗೆ ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಿಮಗೂ ಹೇಳುತ್ತೇನೆ.

ನಮ್ಮಜ್ಜ ಬಬಲೇಶ್ವರದಲ್ಲಿ ಸಾಲಿ ಮಾಸ್ತರ. ಮಗಳಿಗೆ ಹಾಡು ಕಲಿಸಿದ. ಹದಿನಾರರ ಹುಡುಗಿಯನ್ನು ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿ ರೆಕಾರ್ಡ್ ಕಂಪನಿಯವರು ಬಂದಿಳಿದಿದ್ದರು. ಒಂದು ರೆಕಾರ್ಡು, ನಮ್ಮ ಮಾತಿನಲ್ಲಿ ಪ್ಲೇಟು, ಆಯಿತು, ಆ ಬದಿಗೊಂದು ಹಾಡು, ಈ ಬದಿಗೊಂದು. ಪ್ಲೇಟು ಮನೆಗೆ ಬಂತು, ಅದನ್ನು ಕೇಳಲು ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ! ಮರುವರ್ಷ ಅತ್ತೆಯ ಮದುವೆಯಾಯಿತು, ಪ್ಲೇಟೂ ಅವಳ ಜೊತೆ ಕಳ್ಳಕವಟಗಿಗೆ ಹೋಯಿತು.

ಅತ್ತೆಯ ಮಾವ ಬಂಗಾರದಂಥ ಮನುಷ್ಯ. ಸೊಸೆಯ ಹಾಡು ಊರೇ ಕೇಳಲಿ ಎಂದು ಗ್ರಾಮೋಫೋನು ತಂದರು. ಜನ ಅಂಗಳದಲ್ಲಿ ಕೂತರು. ಚಾವಿ ಕೊಟ್ಟರು, ಸೂಜಿ ಇಟ್ಟರು. ಪೆಟ್ಟಿಗೆಯಿಂದ ದಪ್ಪಗೆ, ಭಾರವಾಗಿ, ಗಂಡಸೊಬ್ಬ ಹಾಡಿದ ಹಾಗೆ ದನಿ ಬಂತು.

"ಸೊಸಿ ಹಾಡ್ಯಾಳೋ, ಮಾವ ಹಾಡ್ಯಾನೋ?" ಯಾರೋ ಅಂದರು. ಅಂಗಳವೆಲ್ಲ ನಕ್ಕಿತು. ಹೊಸ ಗಂಡನೂ ನಕ್ಕ.

ಮನುಷ್ಯನಿಗೆ ತನ್ನ ಮುಖ ಕನ್ನಡಿಯಲ್ಲಾದರೂ ಕಾಣುತ್ತದೆ. ತನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆಂದು ಯಾರಿಗೆ ಗೊತ್ತು? ಗಂಗತ್ತೆ ಪೆಟ್ಟಿಗೆಯನ್ನು ನಂಬಿದಳು. ಮಾತಿನ ದನಿ ಬೇರೆ, ಹಾಡಿನ ದನಿ ಬೇರೆ ಇರಬೇಕು ಎಂದುಕೊಂಡಳು. ಬಬಲೇಶ್ವರದವರು ಮಾಸ್ತರ ಮಗಳೆಂದು ಸುಮ್ಮನೆ ಹೊಗಳಿದ್ದಾರೆ ಎಂದುಕೊಂಡಳು. ಅವತ್ತಿನಿಂದ ಬಾಯಿ ಮುಚ್ಚಿದವಳು ಮಕ್ಕಳ ತೊಟ್ಟಿಲ ಮುಂದೆಯೂ ಹಾಡಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ, "ನಂದು ಗಂಡಸಿನ ದನಿ, ನನ್ನ ಬಿಡ್ರಿ" ಎನ್ನುತ್ತಿದ್ದಳು. ನಗುತ್ತಲೇ ಎನ್ನುತ್ತಿದ್ದಳು, ಅದಕ್ಕೇ ನಾವ್ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಮಾಮಾ, ಅಂದರೆ ಅವಳ ಗಂಡ, ಆ ಪ್ಲೇಟನ್ನು ಬಿಡಲಿಲ್ಲ. ಎತ್ತಿಗೆ ಬಿಡುವಿರುವ ಅಮಾವಾಸ್ಯೆಯ ದಿನ ತಪ್ಪದೆ ಹಚ್ಚುತ್ತಾರೆ. ಅತ್ತೆ ಆಗ ಹಿತ್ತಲಿಗೆ ಹೋಗಿಬಿಡುತ್ತಾಳೆ.

ಈಗ ಅಂಗಡಿಗೆ ಬರೋಣ.

ಇಮಾಮಸಾಬ ಹಳೆಯ ಸಾಮಾನಿನ ವ್ಯಾಪಾರಿ. ನಮ್ಮ ಪೆಟ್ಟಿಗೆಯನ್ನು ತಟ್ಟಿ ನೋಡಿದ, ಮುಚ್ಚಳದ ಒಳಗೆ ಸಿಕ್ಕಿದ ಪ್ಲೇಟನ್ನು ಹಚ್ಚಿದ. ಅದೇ ಗಂಡು ದನಿ. ಅತ್ತೆ ಸೆರಗು ಕಿವಿಗೆಳೆದುಕೊಂಡು ರಸ್ತೆಯ ಕಡೆ ತಿರುಗಿ ಕೂತಳು. "ಈಗ ನಮ್ಮ ಮಾಲಿನ ಆವಾಜು ಕೇಳ್ರಿ ಸಾಹೇಬ್ರ" ಎಂದ ಇಮಾಮಸಾಬ, ಅದೇ ಪ್ಲೇಟನ್ನೆತ್ತಿ ಕರೆಂಟಿನ ಪ್ಲೇಯರಿಗೆ ಹಾಕಿದ.

ಅದೇ ಹಾಡು. ಆದರೆ ದನಿ? ಎಳೆಯ, ಸ್ವಚ್ಛ, ಮೇಲಿನ ಸ್ವರಕ್ಕೆ ಹೆದರದೆ ಹತ್ತುವ ದನಿ. ಆಗಲೇ ಅತ್ತೆ ಕೇಳಿದ್ದು, "ಯಾರಪಾ ಈಕಿ?" ಎಂದು. ಅದೇ ಹಾಡನ್ನು ಬೇರೆ ಯಾರೋ ಹಾಡಿದ ಪ್ಲೇಟು ಎಂದುಕೊಂಡಿದ್ದಳು.

ನನಗೂ ನಂಬಿಕೆ ಬರಲಿಲ್ಲ. "ನಿನ್ನ ಮಷಿನ್ನು ಜೋರ ಓಡಾಕತ್ತೈತೋ ಮಾರಾಯ" ಎಂದೆ. "ನಿಮ್ಮದು ತೂಕಡಸಾಕತ್ತೈತಿ" ಎಂದ ಅವನು. ಪ್ಲೇಟಿನ ಮೇಲೆ ಎಪ್ಪತ್ತೆಂಟು ಎಂದು ಅಚ್ಚಾಗಿತ್ತು, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಪ್ಲೇಟಿನ ಅಂಚಿಗೆ ಗುರುತಿಗೊಂದು ಕಾಗದದ ಚೂರು ಸಿಗಿಸಿ, ಕೈಗಡಿಯಾರ ಬಿಚ್ಚಿಟ್ಟು ಸುತ್ತು ಎಣಿಸಿದೆ. ಅವನದು ಸರಿಯಾಗಿತ್ತು. ನಮ್ಮದು ಹತ್ತು ಹನ್ನೆರಡು ಸುತ್ತು ಹಿಂದೆ.

ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರೆ ಚಕ್ರದ ಪಕ್ಕ ಒಂದು ಸಣ್ಣ ಕಡ್ಡಿ. ಆ ತುದಿಗೆ ಫಾಸ್ಟ್, ಈ ತುದಿಗೆ ಸ್ಲೋ. ನಮ್ಮ ಕಡ್ಡಿ ಸ್ಲೋ ತುದಿಯಲ್ಲಿ ತುಕ್ಕು ಹಿಡಿದು ಕೂತಿತ್ತು.

"ಅದನ್ನ ಮುಟ್ಟಬ್ಯಾಡೋ, ಮಾವಾರು ಇಟ್ಟದ್ದು" ಎಂದಳು ಅತ್ತೆ. "ಜೋರ ಓಡಿಸಿದ್ರ ಪೆಟ್ಟಿಗಿ ದಣಿತೈತಿ, ಪ್ಲೇಟ ಸವಿತೈತಿ ಅಂತಿದ್ರು. ತಂದ ದಿನಾನ ಹಿಂಗ ಇಟ್ಟಾರ."

ಎತ್ತಿನ ಮೇಲೆ ಒಂದು ದಿನವೂ ಬಾರುಕೋಲು ಎತ್ತದ ಮನುಷ್ಯ ಅವರು. ಯಂತ್ರಕ್ಕೂ ಕನಿಕರ ತೋರಿಸಿದರು. ಅವರ ಹತ್ತಿರ ಇದ್ದ ಉಳಿದವೆಲ್ಲ ಗಂಡಸರ ಭಜನೆಯ ಪ್ಲೇಟು. ನಿಧಾನವಾದಷ್ಟೂ ಅವು ಇನ್ನೂ ಗಂಭೀರವಾಗಿ ಕೇಳುತ್ತಿದ್ದವು! ತಪ್ಪು ಗೊತ್ತಾಗುವುದಾದರೂ ಹೇಗೆ?

ನಾನು ಕಡ್ಡಿಗೆ ಎಣ್ಣೆ ಬಿಟ್ಟು ಸರಿಸಿದೆ. ಸುತ್ತು ಲೆಕ್ಕಕ್ಕೆ ಬರುವವರೆಗೆ ಸರಿಸಿ, ಪ್ಲೇಟು ಹಚ್ಚಿದೆ. ನಮ್ಮ ಹಳೆಯ ಪೆಟ್ಟಿಗೆಯಿಂದಲೇ, ಸ್ವಲ್ಪ ಗೊರಗೊರ ಎನ್ನುತ್ತ, ಅದೇ ಹುಡುಗಿ ಹಾಡಿದಳು. ಯಾವ ಪೆಟ್ಟಿಗೆ ಮೇಲು ಎಂಬ ನಮ್ಮ ಆಫೀಸಿನ ಜಗಳ ನನಗೆ ಅಲ್ಲೇ ಸಾಕಾಗಿ ಹೋಯಿತು. ಎರಡೂ ಚೆನ್ನಾಗಿಯೇ ಇದ್ದವು. ಕೆಟ್ಟದ್ದು ನಾವು ಪೆಟ್ಟಿಗೆಯನ್ನು ನಂಬಿದ ರೀತಿ. ಯಂತ್ರ ಹೇಳಿದ್ದೆಂದರೆ ನಮಗೆ ಮುಗಿಯಿತು. (ಸ್ಟೇಷನ್ನಿನ ತೂಕದ ಯಂತ್ರ ಕೊಡುವ ಚೀಟಿಯ ಹಿಂದಿನ ಭವಿಷ್ಯವನ್ನೂ ನಾನು ಜೇಬಿನಲ್ಲಿಟ್ಟುಕೊಂಡು ತಿರುಗಿದವನೇ.)

ಅತ್ತೆ ಪೆಟ್ಟಿಗೆಯ ಹತ್ತಿರ ಸರಿದು ಕೂತಳು. ಆಮೇಲೆ, "ಹಿಂಗಿತ್ತೇನೋ ನನ್ನ ದನಿ?" ಎಂದು ಕೇಳಿದಳು. ಕಣ್ಣು ತುಂಬಿದ್ದವು.

"ಹೌದತ್ತಿ. ಈಗಾದ್ರೂ ಹಾಡು."

"ಈಗ ಈ ದನಿ ಎಲ್ಲಿಂದ ತರ್ಲೋ, ಮಂಗ್ಯಾನ ಮಗನ!" ಎಂದು ಬೈದಳು. ಗಂಟು ಕಟ್ಟತೊಡಗಿದಳು. "ಮಾರೂದಿಲ್ಲ. ನಡಿ ಊರಿಗೆ. ಅವ್ರೂ ಕೇಳಲಿ."

ಇಮಾಮಸಾಬನ ಮುಖ ಸಣ್ಣದಾಯಿತು. ನಾನು ಕೊಳ್ಳಬೇಕೆಂದಿದ್ದ ಪ್ಲೇಯರೂ ಅಲ್ಲೇ ಉಳಿಯಿತು. ಮಧ್ಯಾಹ್ನದ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

ಮಾಮಾ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು ಹಚ್ಚಿದೆ. ಟವೆಲು ಹಿಡಿದುಕೊಂಡೇ ಅರ್ಧ ಹಾಡು ಕೇಳಿದರು. ಹುಬ್ಬು ಗಂಟಿಕ್ಕಿತು.

"ಏನಪಾ, ಪೆಟ್ಟಿಗಿ ಕೆಡಿಸ್ಕೊಂಡ ಬಂದೀಯಲ್ಲ! ಯಾವದೋ ಸಣ್ಣ ಹುಡುಗಿ ಹಾಡಿದಂಗ ಕೇಳಾಕತ್ತೈತಿ."

"ಸಣ್ಣ ಹುಡುಗೀನ ಇದ್ದೆನ್ರಿ" ಎಂದಳು ಅತ್ತೆ.

ಮಾಮಾನಿಗೆ ಅರ್ಥವಾಗಲಿಲ್ಲ. ಕಡ್ಡಿ, ಸುತ್ತು, ಎಪ್ಪತ್ತೆಂಟು ಎಲ್ಲ ಬಿಡಿಸಿ ಹೇಳಿದೆ. ಇಲ್ಲವೆಂದು ತಲೆಯಾಡಿಸಿಬಿಟ್ಟರು.

"ನನಗ ಹೇಳಬ್ಯಾಡ. ಮದುವಿ ಆದಾಗಿಂದ ಕೇಳಾಕತ್ತೇನಿ. ಈಕಿ ದನಿ ನನಗ ಗೊತ್ತಿಲ್ಲೇನು? ಆ ಕಡ್ಡಿ ಮೊದಲಿನಂಗ ಮಾಡು. ಇಲ್ಲಂದ್ರ ಆ ಅಂಗಡ್ಯಾವನ್ನ ಕರಸು, ಅವನ್ನ ಕೇಳೂಣು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯ ಸಾಮಾನು ಕಳೆದುಕೊಂಡವರ ಗಾಬರಿ ಇತ್ತು. ನಾನು ಏನು ಮಾಡಲಿ ಎಂದು ಅತ್ತೆಯ ಮುಖ ನೋಡಿದೆ. ಅವಳು ಬಂದು, ತಾನೇ ಸೂಜಿ ಎತ್ತಿಟ್ಟಳು. ಚಕ್ರ ತಿರುಗಿ ತಿರುಗಿ ನಿಂತಿತು.

"ಪೆಟ್ಟಿಗಿ ಮಾತು, ಅಂಗಡ್ಯಾವನ ಮಾತು ಯಾಕ ಕೇಳ್ತೀರಿ? ನಾ ಇಲ್ಲೇ ಇದ್ದೇನಲ್ಲ?"