ವಸ್ತಿ ಬಸ್ಸಿಗೆ ಜಳಕದ ನೀರು

ಬಸ್ಸು ಬೇಕು ಅಂತ ಬಸ್ಸನ್ನೇ ತಡೆದವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ನೋಡಿದ್ದೇನು ಬಂತು, ಆ ಬಸ್ಸಿನೊಳಗೇ ಕೂತಿದ್ದೆ.

ಹೋದ ತಿಂಗಳು ಇಂಡಿ ತಾಲೂಕಿನ ಅಕ್ಕನ ಊರಿಗೆ ಹೊರಟಿದ್ದೆ. ತಾಂಬಾ ದಾಟಿ ಸ್ವಲ್ಪ ಹೊತ್ತಾಗಿತ್ತು. ಊರ ಅಗಸಿ ಬಾಗಿಲು ಇನ್ನೇನು ಬಂತು ಅನ್ನುವಷ್ಟರಲ್ಲಿ ಬ್ರೇಕ್ ಬಿತ್ತು. ರಸ್ತೆಗೆ ಅಡ್ಡ ಜಾಲಿ ಮುಳ್ಳಿನ ಕಂಟಿ. ಅದರ ಹಿಂದೆ ಊರಿನ ಗಂಡಸರು. ಎಲ್ಲರಿಗಿಂತ ಮುಂದೆ ಹೆಗಲಿಗೆ ಟವೆಲ್ಲು ಹಾಕಿಕೊಂಡು, ಕೈ ಎತ್ತಿ "ಬೇಕೇ ಬೇಕು, ವಸ್ತಿ ಬಸ್ ಬೇಕು" ಅಂತ ಕೂಗುತ್ತಿದ್ದವರು ಯಾರು ಅಂತೀರಿ? ನಮ್ಮ ಅಕ್ಕನ ಗಂಡ, ಮಲ್ಲಪ್ಪ ಮಾವ. (ಮನೆಯಲ್ಲಿ ಇವರ ದನಿ ಕೇಳಿದವರಿಲ್ಲ. ಅಲ್ಲಿ ಆ ಖಾತೆ ಅಕ್ಕನದು.)

ಕಂಡಕ್ಟರ್ ಪಾಪ ಇಳಿದು ಹೋದ. "ಏನ್ರಿ ಇದು? ಈ ಊರಿಗೆ ಬರಾವ ನಾ ಒಬ್ಬನ. ನನ್ನ ತಡದ್ರ ಹ್ಯಾಂಗ್ರಿ?"

ಕಂಟಿಯ ಬದಿಗೆ ಎಲೆ ಅಡಿಕೆ ಹಾಕುತ್ತ ಕೂತಿದ್ದ ಮುದುಕರೊಬ್ಬರು ತಲೆ ಎತ್ತದೇ ಹೇಳಿದರು: "ನಿನ್ನ ಬಿಟ್ರ ನಿಂದ್ರವ್ರು ಯಾರದಾರ ತಮ್ಮಾ?"

ಸುಳ್ಳಲ್ಲ. ಅದೇ ಹೊತ್ತಿಗೆ ಆ ಊರಿನ ಸಂಗಪ್ಪನ ಬಾಡಿಗೆ ಜೀಪು, ಟ್ರ್ಯಾಕ್ಸ್, ಬಂತು. ಕಂಟಿ ನೋಡಿತು, ಪಕ್ಕದ ಬಂಡಿದಾರಿಗೆ ಇಳಿಯಿತು, ಧೂಳೆಬ್ಬಿಸಿಕೊಂಡು ಊರು ಸೇರಿತು. ನಮ್ಮ ಬಸ್ಸಿನಿಂದ ಇಬ್ಬರು ಚೀಲ ಸಮೇತ ಓಡಿ ಹೋಗಿ ಅದರ ಹಿಂದೆ ಜೋತುಬಿದ್ದರು. ಬಸ್ಸಿನ ಚಳವಳಿಯಿಂದ ಮೊದಲು ಉದ್ಧಾರವಾದವನು ಸಂಗಪ್ಪ!

ವಸ್ತಿ ಬಸ್ಸು ಅಂದರೆ ಗೊತ್ತಲ್ಲ? ಸಂಜೆ ಊರಿಗೆ ಬಂದು, ರಾತ್ರಿ ಅಲ್ಲೇ ಉಳಿದು, ಬೆಳಗಿನ ಜಾವ ತಾಲೂಕಿಗೆ ಹೊರಡುವ ಸರಕಾರಿ ಬಸ್ಸು. ಬೀಗರು ಬಂದಂತೆ ಬರುತ್ತದೆ. ಡ್ರೈವರಿಗೂ ಕಂಡಕ್ಟರಿಗೂ ಪಾಳಿಯ ಮೇಲೆ ಒಂದೊಂದು ಮನೆಯಿಂದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಅಕ್ಕನ ಊರಿಗೂ ಒಂದಿತ್ತು. ದೀಪಾವಳಿ ಆದ ಮೇಲೆ ನಿಂತುಹೋಯಿತು. ಯಾಕೆ? ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಉಳಿದದ್ದು ಮಧ್ಯಾಹ್ನದ ಈ ಒಂದು ಬಸ್ಸು. ಅದನ್ನೂ ಈಗ ತಡೆದು ನಿಲ್ಲಿಸಿದ್ದಾಯಿತು.

ಅಕ್ಕನ ಮಗಳು ಶಶಿಕಲಾ ಇಂಡಿಯಲ್ಲಿ ಪಿಯುಸಿ ಎರಡನೇ ವರ್ಷ, ಸೈನ್ಸ್. ಪ್ರಾಕ್ಟಿಕಲ್ ಬೆಳಿಗ್ಗೆಯೇ. ಕೈಯಲ್ಲಿ ಬಸ್ ಪಾಸಿದೆ, ಬಸ್ಸಿಲ್ಲ. ಟ್ರ್ಯಾಕ್ಸ್ ಇದೆ, ಅಲ್ಲಿ ಪಾಸು ನಡೆಯುವುದಿಲ್ಲ. ಮೇಲಾಗಿ ಅದು ತುಂಬುವವರೆಗೆ ಹೊರಡುವುದಿಲ್ಲ. (ಬಾಗಿಲು ಹಾಕಿದ ಮೇಲೂ ನಾಲ್ಕು ಜನ ಹೊರಗೆ ಇದ್ದರೆ ತುಂಬಿತು ಅಂತ ಅರ್ಥ.) ಡ್ರೈವರನ ಪಕ್ಕದ ಸೀಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂರುವುದು ಆ ಹುಡುಗಿಗೆ ಬೇಡ. ಪ್ರಾಕ್ಟಿಕಲ್ ತಪ್ಪುತ್ತಾ ಬಂತು. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಕಾಲೇಜಿನವರು ಹೇಳಿ ಕಳಿಸಿದ್ದರು. ಮಾವನೂ ಒಂದು ಮಾತು ಹೇಳಿಬಿಟ್ಟಿದ್ದರು: "ಈ ತಿಂಗಳದಾಗ ಬಸ್ ಬರಲಿಲ್ಲಂದ್ರ ಕಾಲೇಜ್ ಬಿಡಸ್ತೇನಿ." ಸಿಟ್ಟಿನ ಮಾತಲ್ಲ ಅದು, ಸೋತ ಮಾತು. ಅದಕ್ಕೇ ಅವರು ಅಷ್ಟು ಜೋರು ಕೂಗುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಡಿಪೋ ಸಾಹೇಬರು ಜೀಪಿನಲ್ಲಿ ಬಂದರು. ಮನವಿ ಓದಿಸಿದ್ದಾಯಿತು. ಸಾಹೇಬರು ಸಮಾಧಾನದ ಮನುಷ್ಯ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದರು.

"ನಮ್ಮ ಡ್ರೈವರ್ ಕಂಡಕ್ಟರ್ ಹುಡುಗೂರು ವಸ್ತಿ ಬರಾಕ ಒಲ್ಲೆ ಅಂತಾರ್ರಿ. ನಿಮ್ಮೂರಾಗ ಊಟ ಭಾಳ ಛಲೋ ಐತಿ ಅಂತ. ಆದ್ರ ಜಳಕಕ್ಕ ನೀರ ಸಿಗಂಗಿಲ್ಲ ಅಂತಾರ."

ಘೋಷಣೆ ನಿಂತಿತು. ನಮ್ಮ ಕಡೆ ಯಾವ ಮಾತನ್ನಾದರೂ ತಡೆದುಕೊಂಡಾರು, ಈ ಮಾತನ್ನಲ್ಲ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ "ಯಾರು, ಎತ್ತ" ಎಂಬ ವಿಚಾರಣೆ. ಅಂಥವರಿಗೆ ನಿಮ್ಮಲ್ಲಿ ನೀರಿಲ್ಲ ಅಂದರೆ? ಆದರೆ ಸಾಹೇಬರು ಹೇಳಿದ್ದೂ ಖರೆ. ಪಂಚಾಯಿತಿ ಬೋರಿನ ಮೋಟಾರು ಸುಟ್ಟು ವರ್ಷವಾಗಿತ್ತು. ಬೀದಿ ನಲ್ಲಿಯ ಮೇಲೆ ಕಾಗೆ ಕೂರುತ್ತಿದ್ದವು. ನೀರು ಬೇಕಾದರೆ ಹಳ್ಳದ ಬಾವಿಗೆ ಹೋಗಬೇಕು, ಇಲ್ಲವೇ ಕೊಡಕ್ಕಿಷ್ಟು ಅಂತ ಕೊಟ್ಟು ಸಂಗಪ್ಪನ ಬೋರಿನಿಂದ ತರಬೇಕು. (ಹೌದು, ಅದೇ ಟ್ರ್ಯಾಕ್ಸ್ ಸಂಗಪ್ಪ. ಕೆಟ್ಟವನಲ್ಲ. ಸರಕಾರ ಎಲ್ಲೆಲ್ಲಿ ಜಾಗ ಬಿಡುತ್ತದೋ ಅಲ್ಲಲ್ಲಿ ಹೋಗಿ ಕೂರುತ್ತಾನೆ, ಅಷ್ಟೇ.)

ಮಾವ ಎದೆ ಉಬ್ಬಿಸಿ ಮುಂದೆ ಬಂದರು. "ಸಾಹೇಬ್ರ, ಜಳಕದ ಜವಾಬ್ದಾರಿ ಊರಿಂದು. ಮೊದಲನೇ ಪಾಳಿ ನಮ್ಮ ಮನಿದು. ನೀವು ಬಸ್ ಕಳಸ್ರಿ."

ಚಪ್ಪಾಳೆಯೋ ಚಪ್ಪಾಳೆ. ಕಂಟಿ ಸರಿಯಿತು. ಸಾಹೇಬರು ಅವತ್ತೇ ಸಂಜೆಗೆ ವಸ್ತಿ ಬಸ್ಸು ಕಳಿಸಿದರು. ಖಾಸಗಿಯದಕ್ಕೂ ಸರಕಾರದ್ದಕ್ಕೂ ಇರುವ ಫರಕು ನೋಡಿ. ಸರಕಾರದ್ದನ್ನು ತಡೆಯಬಹುದು, ಬೈಯಬಹುದು, ಜೀಪಿನಲ್ಲಿ ಕರೆಸಿ ಕೇಳಬಹುದು. ಸಂಗಪ್ಪನ ಗಾಡಿಗೆ ಮನವಿ ಕೊಡಲಿಕ್ಕೆ ಆಗುತ್ತದೆಯೇ?

ಅಕ್ಕನಿಗೆ ಸುದ್ದಿ ಹೇಳಿದೆ. ಆಕೆ ಖುಷಿಯಿಂದ ಕುಣಿಯಲಿಲ್ಲ. ರೊಟ್ಟಿ ಬಡಿಯುತ್ತಲೇ ಕೇಳಿದಳು: "ಜವಾಬ್ದಾರಿ ಊರಿಂದು ಅಂದ್ರ ಯಾರ ತಲಿ ಮ್ಯಾಲಿಂದು, ತಮ್ಮಾ?" ನನಗೆ ಆಗ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಅರ್ಥವಾಯಿತು. ಹಂಡೆಯ ನೀರು ಡ್ರೈವರ್ ಒಬ್ಬನಿಗೇ ಮುಗಿಯಿತು. ಕಂಡಕ್ಟರ್ ಟವೆಲ್ಲು ಸುತ್ತಿಕೊಂಡು ಹಿತ್ತಲಲ್ಲಿ ನಿಂತಿದ್ದ. ಅಕ್ಕ ಇಬ್ಬರಿಗೂ ಬುತ್ತಿ ಕಟ್ಟುತ್ತಿದ್ದಳು. ಶಶಿಕಲಾ ಕಾಲೇಜಿನ ಡ್ರೆಸ್ಸಿನಲ್ಲೇ ಕೊಡ ಎತ್ತಿಕೊಂಡು ಹಳ್ಳದ ಬಾವಿಗೆ ಓಡಿದಳು. ತಂದದ್ದು ಕಂಡಕ್ಟರನ ಮೈಮೇಲೆ ಹೋಯಿತು. ಮನೆಯಲ್ಲಿ ಕುಡಿಯಲಿಕ್ಕೂ ಹನಿ ಇಲ್ಲ ಅಂತ ಮತ್ತೊಮ್ಮೆ ಹೋದಳು.

ಇತ್ತ ಅಗಸಿಯಲ್ಲಿ ಬಸ್ಸಿಗೆ ಪೂಜೆ. ಮಾವ ತೆಂಗಿನಕಾಯಿ ಒಡೆದರು. ಎಲ್ಲರ ಕೈಗೂ ಒಂದೊಂದು ಚೂರು. ನನ್ನ ಬಾಯಲ್ಲೂ ಇತ್ತು. ಡ್ರೈವರ್ ಹಣೆಗೆ ವಿಭೂತಿ ಹಚ್ಚಿಕೊಂಡು ಘಮಘಮ ಅಂತ ಸ್ಟೇರಿಂಗ್ ಹಿಡಿದ. ಟೈಮಂದ್ರ ಟೈಮ್. ಮಾವನೇ ಬಸ್ಸಿನ ಬೆನ್ನಿಗೆ ಧಬಧಬ ಬಡಿದು "ರೈಟ್, ರೈಟ್" ಅಂದರು. ಬಸ್ಸು ಹೋಯಿತು.

ಧೂಳು ಇಳಿದ ಮೇಲೆ ಹಳ್ಳದ ದಾರಿಯಲ್ಲಿ ಶಶಿಕಲಾ ಕಂಡಳು. ತಲೆಯ ಮೇಲೆ ಕೊಡ, ಹೆಗಲಲ್ಲಿ ಬ್ಯಾಗು.

"ಬಸ್ ಹೋತೇನ್ ಅಪ್ಪಾ?"

ಮಾವ ಬಾಯಲ್ಲಿದ್ದ ಕೊಬ್ಬರಿ ನುಂಗಲಿಲ್ಲ, ಉಗುಳಲೂ ಇಲ್ಲ. ನನಗೂ ಕಣ್ಣೆತ್ತಿ ನೋಡಲಾಗಲಿಲ್ಲ.

ಅಕ್ಕ ಬೈಯಲಿಲ್ಲ. ಅದೇ ಹೆದರಿಕೆಯ ವಿಷಯ. ಮನೆಗೆ ಬಂದ ಗಂಡನ ಹೆಗಲಿನಿಂದ ಆ ಚಳವಳಿಯ ಟವೆಲ್ಲು ತೆಗೆದಳು, ಸುತ್ತಿದಳು, ಕೊಡದ ಕೆಳಗೆ ತಲೆಗಿಡುವ ಸಿಂಬಿ ಮಾಡಿ ಅವರ ಕೈಗಿಟ್ಟಳು. "ಊರ ಜವಾಬ್ದಾರಿ ಅಂದ್ರೆಲ್ಲ. ಊರಂದ್ರ ನೀವೂ ಹೌದಲ್ಲರಿ? ನಾಳಿಂದ ನೀವು ಹೊರ್ರಿ. ಅಕಿ ಬಸ್ ಹತ್ತಲಿ."

ಸುದ್ದಿ ಮನೆಯಿಂದ ಮನೆಗೆ ಹೋಯಿತು. ಹೆಂಗಸರು ರಸ್ತೆಗೆ ಬರಲಿಲ್ಲ, ಘೋಷಣೆ ಕೂಗಲಿಲ್ಲ. ಪಾಳಿ ಬಂದ ಮನೆಯಲ್ಲಿ ಗಂಡಸಿನ ಕೈಗೆ ಕೊಡ ಕೊಟ್ಟರು, ಅಷ್ಟೇ. ಮರುದಿನ ನಾನು ಊರು ಬಿಡುವ ಹೊತ್ತಿಗೆ ಕಂಡದ್ದು: ಸಿಂಬಿ ಸರಿಯಾಗಿ ಕೂರದೆ ಅರ್ಧ ಕೊಡ ಮೈಮೇಲೆ ಸುರಿದುಕೊಂಡು ಬರುತ್ತಿದ್ದ ಮಾವ. ಆ ಬೆಳಿಗ್ಗೆ ಅವರ ಜಳಕವೂ ಆಗಿತ್ತು. ಶಶಿಕಲಾ ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಿದ್ದಳು.

ಮೊನ್ನೆ ಮಾವ ಫೋನ್ ಮಾಡಿದ್ದರು. ದನಿಯಲ್ಲಿ ಗೆದ್ದವರ ಗತ್ತು. ಅದೇ ಜಾಲಿ ಕಂಟಿ ಹೊತ್ತುಕೊಂಡು ಹೋಗಿ ಪಂಚಾಯಿತಿ ಬಾಗಿಲಿಗೆ ಹಾಕಿದರಂತೆ. ವಾರದೊಳಗೆ ಮೋಟಾರು ರಿಪೇರಿ ಆಗಿ ಬಂತಂತೆ. ಬೀದಿ ನಲ್ಲಿಯಲ್ಲಿ ನೀರು. ಶಶಿಕಲಾ ಪ್ರಾಕ್ಟಿಕಲ್ಲು ಒಂದೂ ತಪ್ಪಿಸುತ್ತಿಲ್ಲ. "ಗಂಡಸ್ರು ಮನಸ ಮಾಡಿದ್ರ ಆಗಲಾರದ್ದು ಯಾವುದೈತಿ ತಮ್ಮಾ?" ಅಂದರು.

"ಖರೆ ಐತ್ರಿ ಮಾವ" ಅಂದೆ. "ಆದ್ರ ಮೋಟಾರ ಸುಟ್ಟು ವರ್ಷ ಆಗಿತ್ತಲ್ಲ, ಅಲ್ಲಿತನಕ ಹೆಂಗಸ್ರ ತಲಿ ಮ್ಯಾಲ ಕೊಡ ಹಗುರಿತ್ತೇನ್ರಿ?"