ಹಿಲ್ಡಾಬಾಯಿ ಪ್ರಜೆಯಾದದ್ದು

ಸಾರಿಗೆ ಹುಳಿ ಸಾಲದೆಂದು ಒಣಗಿದ ನಿಂಬೆಯೊಂದನ್ನು ಜಜ್ಜಿ ಹಾಕಿದೆ ನೋಡಿ, ಅಡುಗೆಮನೆಯ ತುಂಬ ಮಸ್ಕತ್ತಿನ ಪರಿಮಳ. ಅದರ ಹಿಂದೆಯೇ ಹಿಲ್ಡಾಬಾಯಿಯ ನೆನಪು.

ತೊಂಬತ್ತರ ದಶಕದ ಆರಂಭ. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಮಂಗಳೂರಿನ ಲಾರೆನ್ಸ್ ಒಬ್ಬರೇ ಇದ್ದರು. ಹೆಂಡತಿ ಹಿಲ್ಡಾಬಾಯಿ ಅಮೆರಿಕದಲ್ಲಿ ನರ್ಸ್. ಅವರು ಅಲ್ಲಿಯ ಪ್ರಜೆಯಾದರೆ ಗಂಡನಿಗೆ ಬೇಗ ವೀಸಾ. ಇಲ್ಲವಾದರೆ ಇನ್ನೆಷ್ಟು ವರ್ಷ ಕಾಯಬೇಕೋ. ಪ್ರಜೆಯಾಗಲು ಅಧಿಕಾರಿಯ ಎದುರು ಕೂತು ಆ ದೇಶದ ಚರಿತ್ರೆ, ಆಡಳಿತದ ಪ್ರಶ್ನೆಗಳಿಗೆ ಉತ್ತರಿಸಬೇಕು. ಪರೀಕ್ಷೆಗೆ ಮೊದಲು ರಜೆಯಲ್ಲಿ ಬಂದ ಹಿಲ್ಡಾಬಾಯಿ ಓದಲು ಹಿಡಿದದ್ದು ನನ್ನ ಅಡುಗೆಮನೆಯನ್ನು. ನಾನೋ, ಶಾಲೆಯಲ್ಲಿ ಪೌರನೀತಿಯ ಪಾಠಕ್ಕೆ ತೂಕಡಿಸಿದವಳು. ಈಗ ಟೀಚರಮ್ಮ!

"ಬಾವುಟದಲ್ಲಿ ಹದಿಮೂರು ಪಟ್ಟೆ ಯಾಕೆ?"

"ಸುರುವಿಗೆ ಹದಿಮೂರು ವಸಾಹತು ಇದ್ದದ್ದಲ್ವಾ, ಅದಕ್ಕೆ."

"ಕಾನೂನು ಮಾಡುದು ಯಾರು?"

"ಕಾಂಗ್ರೆಸ್. ನಮ್ಮದಲ್ಲ ಮಾರಾಯ್ತಿ, ಅವರದ್ದು!"

ನನ್ನೆದುರು ಎಲ್ಲ ಸಲೀಸು. ಅಧಿಕಾರಿಯನ್ನು ನೆನೆದರೆ ಮಾತ್ರ ಅವರ ಬಾಯಿ ಒಣಗುತ್ತಿತ್ತು. "ಕೋಟು ಹಾಕಿದವರನ್ನು ಕಂಡ್ರೆ ನಂಗೆ ಎಲ್ಲ ಮರ್ತು ಹೋಗ್ತದೆ."

ಹಾಗಾಗಿ ಒಂದು ಶುಕ್ರವಾರ, ಆ ಸೆಕೆಯಲ್ಲೂ, ಲಾರೆನ್ಸ್ ಮದುವೆಯ ಕೋಟು ತೊಟ್ಟು ಬಂದು ಅಧಿಕಾರಿಯಾಗಿ ಕೂತರು. ಮೊದಲು ಎಲ್ಲರೂ ನಕ್ಕೆವು. ಆಮೇಲೆ ಹಿಲ್ಡಾಬಾಯಿ ತಡವರಿಸುತ್ತ, ಸುಧಾರಿಸಿಕೊಳ್ಳುತ್ತ ಒಂದೊಂದಕ್ಕೇ ಉತ್ತರ ಕೊಟ್ಟರು. ಕೊನೆಗೆ ಲಾರೆನ್ಸ್ ಪುಸ್ತಕದಲ್ಲಿಲ್ಲದ್ದನ್ನು ಕೇಳಿದರು: "ನಿಮಗೆ ಪ್ರಜೆ ಯಾಕೆ ಆಗ್ಬೇಕು?"

ಹಿಲ್ಡಾಬಾಯಿ ಅವರನ್ನೇ ನೋಡಿದರು. "ನಿಮ್ಮೊಟ್ಟಿಗೆ ಇರ್ಲಿಕ್ಕೆ. ಎಷ್ಟು ಕ್ರಿಸ್ಮಸ್ ಆಯ್ತು, ಒಟ್ಟಿಗೆ ಮಾಡದೆ?"

ಅಧಿಕಾರಿ ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಒಲೆಯ ಕಡೆ ತಿರುಗಿ, ಇನ್ನೂ ಕುದಿಯದ ಸಾರನ್ನು ಸುಮ್ಮನೆ ಕದಡುತ್ತ ನಿಂತೆ.

ಹಿಲ್ಡಾಬಾಯಿ ಪಾಸಾದರು. ಫೋನು ಬಂದೊಡನೆ ಲಾರೆನ್ಸ್ ಬರಿಗಾಲಲ್ಲಿ ಓಡಿಬಂದು ನಮ್ಮ ಬಾಗಿಲು ಬಡಿದು, "ಖಲಾಸ್ ಅಕ್ಕಾ, ಪಾಸ್!" ಎಂದರು. ಮರುವರ್ಷ ಅವರೂ ಅಮೆರಿಕಕ್ಕೆ ಹೊರಟರು.

ಕಲಿಸಿದ್ದು ನಾನೆಂದು ಹಿಲ್ಡಾಬಾಯಿ ಇಂದಿಗೂ ಹೇಳುತ್ತಾರೆ. ಕಲಿತದ್ದು ನಾನು. ಒಮಾನ್ ನಮಗೆ ಅನ್ನ ಕೊಟ್ಟಿತು, ಆ ಋಣ ದೊಡ್ಡದು. ಆದರೂ ಅಲ್ಲಿ ನಾವು ಅತಿಥಿಗಳು. ಊರಿಗೆ ಮರಳಿದ ಮೇಲೂ, ಏನನ್ನೂ ಕೇಳದೆ ಕೊಟ್ಟಷ್ಟಕ್ಕೆ ಸುಮ್ಮನಿರುವ ನನ್ನ ಅತಿಥಿಯ ಅಭ್ಯಾಸ ಬಿಟ್ಟಿರಲಿಲ್ಲ. ಕಳೆದ ವಾರ ಮೊದಲ ಬಾರಿ ಗ್ರಾಮಸಭೆಗೆ ಹೋಗಿ, ಎದ್ದು ನಿಂತು, ನಮ್ಮ ಓಣಿಗೆ ಯಾಕೆ ನೀರು ಬರುತ್ತಿಲ್ಲವೆಂದು ಕೇಳಿದೆ.

ಅದನ್ನು ಹೇಳಲೆಂದೇ ಈಗಷ್ಟೇ ಫೋನು ಮಾಡಿದೆ. ಹಿಲ್ಡಾಬಾಯಿ ಎತ್ತಿದರು. ಹಿಂದಿನಿಂದ ಲಾರೆನ್ಸ್, "ಯಾರು, ಅಕ್ಕನಾ? ಸ್ಪೀಕರ್ ಹಾಕು!" ಎಂದರು. "ಸ್ವಲ್ಪ ಸುಮ್ನಿರ್ತೀರಾ, ನಾನು ಮಾತಾಡುದು ಕಾಣುದಿಲ್ವಾ?" ಎಂದು ಹಿಲ್ಡಾಬಾಯಿ ಗದರಿದರು. ಆ ಜಗಳ ಮುಗಿಯುವವರೆಗೂ ನಾನು ಫೋನು ಕಿವಿಗೆ ಹಿಡಿದು ಸಂತೋಷದಿಂದ ಕಾದೆ.